ಅತ್ತೆಯ ಅಪೀಲಿಗೆ ಇನ್ನು 11 ದಿನ

ಗುಂಪು: ನಮ್ಮನೆ ಬಳಗ, ಮಂಡ್ಯ

ಭಾವ: (ಫಾರ್ವರ್ಡ್) ದುಡ್ಡಿಲ್ಲ ಅಂತ ಅಪೀಲು ಕೈಬಿಡಬೇಡಿ. ಬಡವರು ಕೋರ್ಟ್ ಫೀ ಕಟ್ಟದೆಯೂ ಅಪೀಲು ಹಾಕಬಹುದು. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನನಗಿದು ಸರಿ ಕಾಣುತ್ತಿಲ್ಲ. ಫೀ ಇಲ್ಲ ಅಂದರೆ ಸೋತವರೆಲ್ಲ ಅಪೀಲು ಹಾಕುತ್ತಾರೆ. ಈಗಲೇ ಒಂದು ವಾಯಿದೆ ಮುಗಿದರೆ ಮುಂದಿನದು ಯಾವಾಗಲೋ. ಫೀ ಅನ್ನುವುದು ಬೇಲಿ ಇದ್ದ ಹಾಗೆ, ಇರಬೇಕು.

ನಾನು: ದುಡ್ಡಿರುವವರು ಆ ಬೇಲಿ ದಾಟಿಯೇ ಬರುತ್ತಾರೆ ಚಿಕ್ಕಪ್ಪ. ಸುಳ್ಳು ಕೇಸಿನವರೂ ಫೀ ಕಟ್ಟಿಯೇ ಹಾಕುತ್ತಾರೆ. ಆಚೆ ಉಳಿಯುವವರು ನಮ್ಮ ಅತ್ತೆಯಂಥವರು. ಕೆಳಗಿನ ಕೋರ್ಟಿಗೆ ಫೀ ಕಟ್ಟಲು ಓಲೆ ಅಡ ಇಟ್ಟರು. ಅಪೀಲಿಗೂ ಅಷ್ಟೇ ಫೀ ಮತ್ತೆ ಕಟ್ಟಬೇಕು. ಎಲ್ಲಿಂದ ತರಬೇಕು?

ಚಿಕ್ಕಪ್ಪ: ಅಕ್ಕನ ಕಷ್ಟ ನನಗೆ ಗೊತ್ತಿಲ್ವಾ? ಆದರೆ ಕೇಳುತ್ತಿರುವುದು ಮನೆಯಲ್ಲಿ ಪಾಲು. ಮನೆ ಪಾಲು ಕೇಳುವವಳು ಬಡವಳು ಅಂದರೆ ಜಡ್ಜ್ ಒಪ್ಪುತ್ತಾರಾ?

ನಾನು: ಜಗಳದಲ್ಲಿರುವ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತಲೇ ಕಾನೂನು ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ನೋಡಿ. ಅಪೀಲಿಗೆ 44ನೇ ಆದೇಶ. ಫೀ ಪೂರ್ತಿ ಮನ್ನಾ ಕೂಡ ಆಗುವುದಿಲ್ಲ. ಗೆದ್ದರೆ ಸರ್ಕಾರ ಆ ಫೀಯನ್ನು ವಸೂಲಿ ಮಾಡಿಕೊಳ್ಳುತ್ತದೆ. ಸೋತರೆ ಕೇಸು ಹಾಕಿದವರೇ ಕಟ್ಟಬೇಕು. ಬಾಗಿಲಲ್ಲೇ ದುಡ್ಡು ಕೇಳುವುದಿಲ್ಲ, ಅಷ್ಟೇ.

ಚಿಕ್ಕಪ್ಪ: ಹಾಗಾದರೆ ಪುಕ್ಕಟೆ ಅಲ್ಲ.

ನಾನು: ಅಲ್ಲ. ಇನ್ನೊಂದು ದಾರಿಯೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರ ಆದಾಯ ಕೇಳುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರದ್ದೂ ಕೇಳುವುದಿಲ್ಲ. ಕೇಸಿನಲ್ಲಿ ಹುರುಳಿದೆ ಅನ್ನಿಸಿದರೆ ವಕೀಲರನ್ನು ಕೊಡುತ್ತಾರೆ, ಕೋರ್ಟ್ ಫೀಯನ್ನೂ ಅವರೇ ಭರಿಸುತ್ತಾರೆ.

ಭಾವ: ಅಷ್ಟೆಲ್ಲ ಇದ್ದೂ ಯಾಕೆ ಯಾರೂ ಹೇಳಲಿಲ್ಲ?

ನಾನು: ಅದೇ ನನಗೆ ಸಂಕಟ ಭಾವ. ಅತ್ತೆ ಎರಡು ವರ್ಷ ಆ ಕೋರ್ಟಿನ ಕಟ್ಟೆ ಮೇಲೆ ಕೂತಿದ್ದರು. ಮಡಿಲಲ್ಲಿ ಕಾಗದದ ಪ್ಲಾಸ್ಟಿಕ್ ಕವರು. ಒಬ್ಬರಾದರೂ ಒಂದು ಮಾತು ಹೇಳಲಿಲ್ಲ. ಕಾನೂನಿನಲ್ಲೂ ಒಂದು ಅನ್ಯಾಯ ಇದೆ. ಹೈಕೋರ್ಟಿಗೆ ಅಪೀಲು ಹಾಕಲು ಫೀ ಕಟ್ಟುವವರಿಗೆ 90 ದಿನ. ಬಡವರು ಅಂತ ಅನುಮತಿ ಕೇಳಲು 60 ದಿನ ಮಾತ್ರ. ಕಾಗದ ಹೊಂದಿಸಲು ಜಾಸ್ತಿ ದಿನ ಬೇಕಾಗುವುದು ಯಾರಿಗೆ? ಬಡವರಿಗೇ ಅಲ್ವಾ?

ಭಾವ: ಅತ್ತೆದು ಜಿಲ್ಲಾ ಕೋರ್ಟಿಗಲ್ವಾ?

ನಾನು: ಹೌದು, ಅಲ್ಲಿಗೆ 30 ದಿನ. ತೀರ್ಪು ಬಂದು 19 ಆಯಿತು. ತಡವಾದರೆ ಕಾರಣ ಕೊಟ್ಟು ಕ್ಷಮೆ ಕೇಳಬಹುದು. ಆದರೆ ಅದನ್ನು ನಂಬಿಕೊಂಡು ಸುಮ್ನೆ ಕೂರುವುದು ಬೇಡ.

ಅತ್ತೆ: ನಿಮ್ಮ ಮಾತೆಲ್ಲ ಮೊಮ್ಮಗಳು ಓದಿ ಹೇಳಿದಳು. ಓಲೆ ಇನ್ನೂ ಬಿಡಿಸಿಲ್ಲ ಪುಟ್ಟಿ. ಇನ್ನು ಅಡ ಇಡಲು ಏನೂ ಇಲ್ಲ ಅಂತ ಸುಮ್ಮನಾಗಿದ್ದೆ. ಏನೇನು ತರಬೇಕು?

ನಾನು: ತೀರ್ಪಿನ ಸರ್ಟಿಫೈಡ್ ಕಾಪಿ, ಆಧಾರ್, ರೇಷನ್ ಕಾರ್ಡ್. ಆ ಕವರು ಹಾಗೇ ತನ್ನಿ ಅತ್ತೆ. ಜಿಲ್ಲಾ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇದೆ. ಅಷ್ಟರಲ್ಲಿ ಏನಾದರೂ ಕೇಳಬೇಕು ಅಂದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಸಿ.

ಚಿಕ್ಕಪ್ಪ: ಫೀ ಬೇಕು ಅನ್ನುವ ನನ್ನ ಮಾತು ನಾನು ಬಿಟ್ಟಿಲ್ಲ. ಅಕ್ಕ, ಸೋಮವಾರ ಡೈರಿಗೆ ಹಾಲು ಹಾಕಿ ರೆಡಿ ಇರು. ಒಂಬತ್ತಕ್ಕೆ ಗಾಡಿ ತರುತ್ತೇನೆ.