ಎಫ್‌ಬಿಎಸ್ ಬೆಲೆಯಲ್ಲಿ ಇಷ್ಟು ಅಂತರವೇಕೆ? ಅನುಭವ ತಿಳಿಸಿ

ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು:
ಕೋಶಗಳನ್ನು ಬೆಳೆಸಲು ಬಳಸುವ ಎಫ್‌ಬಿಎಸ್‌ನ (ಹಸುವಿನ ಭ್ರೂಣದ ರಕ್ತದಿಂದ ತೆಗೆದ ಸೀರಮ್ ಎಂಬ ತಿಳಿದ್ರವ) ಅರ್ಧ ಲೀಟರ್ ಬಾಟಲಿಗೆ ಮೂರು ಕೊಟೇಶನ್ ತರಿಸಿದ್ದೇನೆ. ಒಂದರ ಬೆಲೆ ಇನ್ನೊಂದರ ಮೂರು ಪಟ್ಟಿದೆ. ನಾವು ಬೆಳೆಸುವುದು ಹೀಲಾ ಮತ್ತು ಎಚ್‌ಇಕೆ 293 ಎಂಬ, ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ಮಾನವ ಕೋಶಗಳನ್ನು ಮಾತ್ರ. ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಪ್ರಯೋಗಾಲಯ ವ್ಯವಸ್ಥಾಪಕರು:
ನೀವು ಕೊಡುವ ಹೆಚ್ಚಿನ ಹಣ ಬಹುಪಾಲು ಸಲ್ಲುವುದು ಸೀರಮ್ಮಿನ ಮೂಲದೇಶಕ್ಕೆ ಮತ್ತು ಅದರ ಜೊತೆ ಬರುವ ಕಾಗದಪತ್ರಗಳಿಗೆ. ನಿಮ್ಮ ಕೋಶಗಳು ಚೆನ್ನಾಗಿ ಬೆಳೆಯುತ್ತವೆ ಎಂಬ ಭರವಸೆ ಅದರಲ್ಲಿಲ್ಲ. ಇದು ಬೇಡಿಕೆ ಬಂದಾಗ ತಯಾರಿಸಿಕೊಡುವ ಸರಕಲ್ಲ. ಮಾಂಸಕ್ಕಾಗಿ ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ, ಅದರ ಭ್ರೂಣದ ಹೃದಯದಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಿಸಿ ಸೀರಮ್ಮನ್ನು ಬೇರ್ಪಡಿಸುತ್ತಾರೆ. ಹಾಗಾಗಿ ಬರಗಾಲದಲ್ಲಿ ಮೇವಿಲ್ಲದೆ ರೈತರು ಹಿಂಡನ್ನು ಮಾರಿದಾಗ ಪೂರೈಕೆ ಹೆಚ್ಚುತ್ತದೆ, ಮಳೆಯಾಗಿ ಹಸುಗಳನ್ನು ಕರು ಹಾಕಿಸಲು ಉಳಿಸಿಕೊಂಡಾಗ ಸೀರಮ್ ಸಿಗದೆ ಬೆಲೆ ಏರುತ್ತದೆ.

ಇದರ ಮೇಲೆ ರೋಗಭಯವೂ ಸೇರುತ್ತದೆ. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗವನ್ನು ಗುರುತಿಸಿದ ಬಳಿಕ, ಆ ರೋಗ ಕಾಣಿಸಿಕೊಳ್ಳದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೀರಮ್ಮಿಗೆ ವಿಶೇಷ ಬೆಲೆ ಬಂತು. ಲಸಿಕೆ ಅಥವಾ ಚಿಕಿತ್ಸೆಗೆ ಕೋಶ ಬೆಳೆಸುವವರಿಗೆ ಅದು ಬೇಕು. ನಿಮ್ಮ ಕೆಲಸಕ್ಕೆ ದಕ್ಷಿಣ ಅಮೆರಿಕದ ಸೀರಮ್ ಸಾಕು. 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಸೀರಮ್ಮಿಗೂ ಹೆಚ್ಚುವರಿ ದರವಿದೆ, ಆದರೆ ಆ ಕೆಲಸವನ್ನು ವಾಟರ್‌ಬಾತ್ (ನಿಗದಿತ ಬಿಸಿಯ ನೀರಿನ ತೊಟ್ಟಿ) ಇರುವ ಯಾರಾದರೂ ಮಾಡಿಕೊಳ್ಳಬಹುದು. ಇದ್ದಿಲಿನಲ್ಲಿ ಸಂಸ್ಕರಿಸಿದ ದುಬಾರಿ ಸೀರಮ್ ಹಾರ್ಮೋನ್ ಅಧ್ಯಯನಕ್ಕೆ ಬೇಕಾದದ್ದು, ನಿಮಗಲ್ಲ. ಸೀರಮ್ಮಿನ ವಿಶ್ಲೇಷಣಾ ಪತ್ರದಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಮತ್ತು ಹಿಮೋಗ್ಲೋಬಿನ್ (ಕೆಂಪುಕಣಗಳ ಬಣ್ಣದ ವಸ್ತು) ಅಂಕಿಗಳನ್ನು ಮಾತ್ರ ತಪ್ಪದೆ ನೋಡಿ. ಬಾಟಲಿ ಹೊಂಬಣ್ಣದ ಬದಲು ಕೆಂಪಗಿದ್ದರೆ, ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದಿವೆ ಎಂದರ್ಥ.

ಪಿಎಚ್‌ಡಿ ಮುಗಿಸಿದವರು, ಮೈಸೂರು:
ಮೇಲಿನ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ಕಂಪನಿ ಅದೇ, ಬೆಲೆಯೂ ಅದೇ, ಲಾಟ್ (ಒಮ್ಮೆಗೆ ತಯಾರಾದ ಕಂತು) ಮಾತ್ರ ಬದಲಾಗಿತ್ತು. ಕೋಶಗಳು ತಟ್ಟೆಗೆ ಅಂಟುವುದನ್ನೇ ಬಿಟ್ಟವು. ಕೋಶಗಳಿಗೆ ಸೋಂಕು ತಗಲಿಸುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರಬಹುದೆಂದು ಮೂರು ವಾರ ಹುಡುಕಿದ ಮೇಲೆ ಸೀರಮ್ಮಿನ ಕಡೆ ಗಮನ ಹೋಯಿತು. ಅಂದಿನಿಂದ ಕೊಳ್ಳುವ ಮುನ್ನ ಎರಡು ಮೂರು ಲಾಟ್‌ಗಳ ಮಾದರಿ ಕೇಳಿ ಪಡೆಯುತ್ತಿದ್ದೆ. ಪ್ರತಿ ತಟ್ಟೆಗೆ 200 ಹೀಲಾ ಕೋಶ ಹಾಕಿ, ಹತ್ತು ದಿನ ಬಿಟ್ಟು, ಕ್ರಿಸ್ಟಲ್ ವಯೊಲೆಟ್ ಬಣ್ಣದಲ್ಲಿ ನೇರಳೆ ಚುಕ್ಕೆಗಳಾಗಿ ಕಾಣುವ ಕಾಲೊನಿಗಳನ್ನು (ಒಂದೊಂದು ಕೋಶದಿಂದ ಬೆಳೆದ ಗುಂಪುಗಳನ್ನು) ಎಣಿಸುತ್ತಿದ್ದೆ. ಒಮ್ಮೆ ಅತಿ ಅಗ್ಗದ ಲಾಟ್‌ನಲ್ಲೇ ಹೆಚ್ಚು ಕಾಲೊನಿ ಬಂದವು. ಒಪ್ಪಿಗೆಯಾದ ಲಾಟ್‌ನಿಂದ ಒಂದು ವರ್ಷಕ್ಕೆ ಬೇಕಾಗುವಷ್ಟು ಬಾಟಲಿಗಳನ್ನು ನಿಮ್ಮ ಹೆಸರಿನಲ್ಲಿ ತೆಗೆದಿರಿಸುವಂತೆ ವಿತರಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಖರೀದಿ ವಿಭಾಗದ ಸಿಬ್ಬಂದಿ:
ಆಮದು ಪರವಾನಗಿ, ಸುಂಕ ಮತ್ತು ಡ್ರೈ ಐಸ್ ಸಾಗಣೆಯೂ ದರದೊಳಗೆ ಸೇರಿರುತ್ತವೆ. ಕೊಟೇಶನ್‌ನಲ್ಲಿ ಇವು ಬೇರೆ ಸಾಲಿನಲ್ಲಿವೆಯೇ, ಒಟ್ಟು ಮೊತ್ತದಲ್ಲಿವೆಯೇ ಎಂದು ಮೊದಲು ನೋಡಿ, ಆಮೇಲೆ ಮೂರನ್ನೂ ಹೋಲಿಸಿ. ಬಾಟಲಿ ಬಂದ ಕೂಡಲೇ ಪೆಟ್ಟಿಗೆಯಲ್ಲಿ ಡ್ರೈ ಐಸ್ ಉಳಿದಿದೆಯೇ, ಸೀರಮ್ ಗಟ್ಟಿಯಾಗಿಯೇ ಇದೆಯೇ ಎಂದು ಪರೀಕ್ಷಿಸಿ. ಕರಗಿದ್ದರೆ ಸಹಿ ಹಾಕುವ ಮುನ್ನವೇ ಫೋಟೊ ತೆಗೆದಿಡಿ.