ಓದುಗರ ಸ್ಪಂದನ: ಬೇರೆ ಕಡೆ ಕೊಂಡ ಪೆಟ್ಟಿಗೆಗೂ ನೀವೇ ಶ್ರುತಿ ಮಾಡಿ

ದಾವಣಗೆರೆಯಲ್ಲಿ ಸಂಗೀತ ವಾದ್ಯಗಳ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಕಳೆದ ಸಲ ತಮ್ಮ ಕಷ್ಟ ಬರೆದಿದ್ದರು. ಅಂಗಡಿ ಅವರ ತಂದೆಯ ಕಾಲದ್ದು. ಈಗ ತಿಂಗಳಿಗೆ ಎರಡು ಹಾರ್ಮೋನಿಯಂ ಹೋದರೆ ಹೆಚ್ಚು. ಬಂದವರು ಗಿಟಾರ್ ನುಡಿಸಿ ನೋಡುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ, ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಆಮೇಲೆ ಅದನ್ನೇ ಹೊತ್ತುಕೊಂಡು 'ಶ್ರುತಿ ಮಾಡಿಕೊಡಿ' ಎಂದು ಬರುತ್ತಾರೆ. ಹಾಗೆ ಬಂದ ಒಬ್ಬ ಹುಡುಗನನ್ನು ಬೈದು ಕಳಿಸಿದೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. 'ಅಂಗಡಿ ಮುಚ್ಚಲೋ, ಇನ್ನೂ ಎಳೆಯಲೋ?' ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಣ್ಣಾ, ಆ ಹುಡುಗನನ್ನು ವಾಪಸ್ ಕರೆಯಿರಿ. ನನ್ನ ಉತ್ತರ ಅಷ್ಟೇ. ಆದರೆ ಕಾರಣ ಹೇಳಬೇಕಲ್ವಾ?

ನಾನು ವಿದ್ಯಾನಗರದ ನಮ್ಮ ಮನೆಯಲ್ಲೇ ಮಕ್ಕಳಿಗೆ ಹಿಂದೂಸ್ತಾನಿ ಹಾಡುಗಾರಿಕೆ, ಹಾರ್ಮೋನಿಯಂ ಹೇಳಿಕೊಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿಯ ಅಪ್ಪ ಆನ್‌ಲೈನ್‌ನಲ್ಲಿ ಹಾರ್ಮೋನಿಯಂ ಪೆಟ್ಟಿಗೆ ತರಿಸಿದರು. ನೋಡಲು ಚೆಂದ, ಪಾಲಿಶ್ ಫಳಫಳ ಅನ್ನುತ್ತಿತ್ತು. ತಿದಿ ಹಾಕಿದರೆ ಎರಡು ಮನೆ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳು, ಒತ್ತದೆಯೇ ಕೂಗುತ್ತಿದ್ದವು. ಅದು ಯಾರಿಗಾದರೂ ಗೊತ್ತಾಗುವ ದೋಷ. ಗೊತ್ತಾಗದ ದೋಷ ಇನ್ನೊಂದಿತ್ತು. ಆ ಹುಡುಗಿಯ ಶ್ರುತಿಗೆ ಗಾಂಧಾರವಾಗಿ ಬೀಳುವ ಮನೆಯ ಸ್ವರ ಸ್ವಲ್ಪ ಇಳಿದಿತ್ತು. ಸಿಂಗಲ್ ರೀಡ್ ಪೆಟ್ಟಿಗೆ, ಅಂದರೆ ಒಂದೊಂದು ಮನೆಗೂ ನಾದ ಕೊಡುವ ಹಿತ್ತಾಳೆ ಪಟ್ಟಿ ಒಂದೇ, ಹಾಗಾಗಿ ಎರಡು ರೀಡು ಒಂದಕ್ಕೊಂದು ಹೊಂದದೆ ಅಲೆಯುವ ಸದ್ದೂ ಇರಲಿಲ್ಲ. ಮಗು ಮನೆಯಲ್ಲಿ ಮೂರು ತಿಂಗಳು ಅದರ ಜೊತೆಗೇ ಅಭ್ಯಾಸ ಮಾಡಿತ್ತು. ಕ್ಲಾಸಿನಲ್ಲಿ ಭೂಪ್ ರಾಗ ಹಾಡಿದರೆ ಪ್ರತಿ ಸಲವೂ ಗಾಂಧಾರ ಕೆಳಗೆ. ನಾನು ಅವಳನ್ನು ಗದರಿದೆ. ತಪ್ಪು ಪೆಟ್ಟಿಗೆಯದ್ದು ಎಂದು ಗೊತ್ತಾದ ದಿನ ನನಗಾದ ಸಂಕಟ ಹೇಳತೀರದು.

ಮಾರಿದವರನ್ನು ಕೇಳಿದರೆ ವಾಪಸ್ ಕೊಡುವ ಅವಧಿ ಮುಗಿದಿದೆ ಎಂದರು. ಕೊನೆಗೆ ಪರಿಚಯದ ರಿಪೇರಿಯವರೊಬ್ಬರ ಹತ್ತಿರ ಒಯ್ದೆವು. ಅವರು ಮೇಲಿನ ಹಲಗೆ ತೆಗೆದು, ಆ ರೀಡನ್ನು ಬಿಚ್ಚಿ, ತುದಿಯನ್ನು ಹಗುರವಾಗಿ ಕೆರೆದರು. ಊದಿದರು, ಕೇಳಿದರು, ಮತ್ತೆ ಕೆರೆದರು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಎಷ್ಟು ಕೆರೆಯಬೇಕು ಎನ್ನುವುದು ಕೈಗೆ ಬರಲು ಎಷ್ಟು ವರ್ಷ ಬೇಕೋ ನಿಮಗೇ ಗೊತ್ತು. ಮುಕ್ಕಾಲು ಗಂಟೆ ಕೂತು ಕೆಲಸ ಮಾಡಿದ ಅವರು ಕೇಳಿದ್ದು 150 ರೂಪಾಯಿ. ನಾನು ಜಾಸ್ತಿ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಹಾರ್ಮೋನಿಯಂ ಮಾರಿದಾಗ ಸಿಗುವ ಲಾಭಕ್ಕೆ ನೀವು ಲೆಕ್ಕ ಇಡುತ್ತೀರಿ. ಕೈಗೆ ಮಾತ್ರ ಲೆಕ್ಕ ಇಡುವುದಿಲ್ಲ. ಮೊದಲೆಲ್ಲಾ ಸರಿ, ನಿಮ್ಮಲ್ಲೇ ಕೊಂಡವರಿಗೆ ಪುಕ್ಕಟೆ ಶ್ರುತಿ ಮಾಡಿಕೊಡುತ್ತಿದ್ದಿರಿ, ಮಾರಾಟದ ದುಡ್ಡಿನಲ್ಲಿ ಅದೂ ಸೇರಿರುತ್ತಿತ್ತು. ಈಗ ಮಾರಾಟ ಬೇರೆಯವರ ಪಾಲಾಗಿದೆ. ಹಾಗಾದರೆ ಶ್ರುತಿಗೆ ಬೇರೆಯೇ ದರ ಬೇಕು. ಒಂದು ಹಲಗೆ ಮೇಲೆ ಬರೆದು ತೂಗುಹಾಕಿ. ಪೂರ್ತಿ ಪೆಟ್ಟಿಗೆ ಶ್ರುತಿಗೆ ಇಷ್ಟು, ತಿದಿ ಬದಲಿಸಲು ಇಷ್ಟು, ತಬಲಕ್ಕೆ ಹೊಸ ಪುಡಿ (ಮೇಲಿನ ತೊಗಲು) ಹಾಕಲು ಇಷ್ಟು, ಬೇರೆ ಕಡೆ ಕೊಂಡದ್ದನ್ನು ಸುಮ್ನೆ ಪರೀಕ್ಷಿಸಿ ಹೇಳಲು ಇಷ್ಟು. ಎಲ್ಲಿ ಕೊಂಡಿರಿ ಎಂದು ಕೇಳಲೇಬೇಡಿ.

ಇನ್ನೊಂದು ಮಾತು. ಶ್ರುತಿ ಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿಗೆ ದುಡ್ಡು ಹಾಕಬೇಡಿ. ಬೆಂಗಳೂರಿನ ರಾಡೆಲ್ ಕಂಪನಿಯವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದ ಮೇಲೆ ನಮ್ಮಂಥವರಿಗೆ ಎಷ್ಟೋ ಅನುಕೂಲವಾಯಿತು. ಈಗ ಅದೇ ನಾದ ಮೊಬೈಲಿನಲ್ಲಿ ಸಿಗುತ್ತದೆ, ನನ್ನ ಮಕ್ಕಳೆಲ್ಲ ಅದನ್ನೇ ಹಾಕಿಕೊಳ್ಳುತ್ತಾರೆ. ಆ ವ್ಯಾಪಾರ ವಾಪಸ್ ಬರುವುದಿಲ್ಲ. ಆದರೆ ತೊಗಲು, ಮರ, ಹಿತ್ತಾಳೆ ಇರುವ ವಾದ್ಯಕ್ಕೆ ಮಳೆ, ಬಿಸಿಲು ತಾಗದೆ ಇರುವುದಿಲ್ಲ. ಮಳೆಗಾಲದಲ್ಲಿ ತಬಲ ಇಳಿಯುತ್ತದೆ, ಹಾರ್ಮೋನಿಯಂ ಮನೆಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಯಾವ ಆ್ಯಪೂ ಇಲ್ಲ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರು. ಮೂವತ್ತು ವರ್ಷ ರೇಡಿಯೊದಲ್ಲಿ ಜಾಗ ಇಲ್ಲದಿದ್ದರೂ ನಮ್ಮ ಕಡೆ ನಾಟಕದ ಕಂಪನಿಗಳಲ್ಲಿ, ಭಜನೆಗಳಲ್ಲಿ, ಮಠಗಳಲ್ಲಿ ಅದು ಒಂದು ದಿನವೂ ನಿಲ್ಲಲಿಲ್ಲ. ನಿಮ್ಮ ತಂದೆ ಅಂಗಡಿ ಹಾಕಿದ್ದು ಆ ಜನರನ್ನು ನಂಬಿ. ಅವರು ಈಗಲೂ ಇದ್ದಾರೆ.

– ಸಂಗೀತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಅಂಕಲ್, ಫೋಟೊ ತೆಗೆದುಕೊಂಡು ಹೋಗುವವರ ಬಗ್ಗೆ ಬರೆದಿದ್ದೀರಲ್ಲ, ನಾನೂ ಅವರಲ್ಲಿ ಒಬ್ಬಳು. ನಿಮ್ಮ ಅಂಗಡಿಯೋ ಬೇರೆಯದೋ ಗೊತ್ತಿಲ್ಲ. ಅರ್ಧ ಗಂಟೆ ನಾಲ್ಕು ಗಿಟಾರ್ ಇಳಿಸಿಕೊಂಡು ನುಡಿಸಿದೆ. ಆಮೇಲೆ 700 ರೂಪಾಯಿ ಉಳಿಯುತ್ತದೆ ಎಂದು ಹಾಸ್ಟೆಲ್‌ಗೆ ತರಿಸಿಕೊಂಡೆ. ಬಂದದ್ದರಲ್ಲಿ ತಂತಿ ಎಷ್ಟು ಮೇಲಿತ್ತು ಅಂದರೆ ಒತ್ತಿ ಒತ್ತಿ ಬೆರಳು ಗಾಯವಾದವು. ಗಿಟಾರ್ ಅಂದ್ರೆ ಹೀಗೇ ಇರಬೇಕು ಅಂದುಕೊಂಡೆ. ನನಗೆ ಇದು ಆಗಿಬರಲ್ಲ ಎಂದು ಎರಡು ತಿಂಗಳು ಮೂಲೆಗಿಟ್ಟೆ. ಒಬ್ಬ ಸೀನಿಯರ್ ನೋಡಿ, ಬ್ರಿಡ್ಜ್ ಮೇಲಿರುವ ಬಿಳಿ ಪಟ್ಟಿಯ ತಳವನ್ನು ಉಜ್ಜಿ ತಂತಿ ಕೆಳಗಿಳಿಸಿಕೊಟ್ಟ. ಅದಾದ ಮೇಲೆ ಅದೇ ಗಿಟಾರ್ ನುಡಿಸಲು ಎಷ್ಟು ಹಗುರ!

ಅಂಗಡಿಯಲ್ಲಿ ನಾನು ನುಡಿಸಿ ನೋಡಿದ ನಾಲ್ಕೂ ಗಿಟಾರ್‌ಗಳಲ್ಲಿ ತಂತಿ ಸರಿಯಾಗಿಯೇ ಇತ್ತು. ಅಂದರೆ ಅಲ್ಲಿ ಯಾರೋ ಮೊದಲೇ ಕೂತು ಸರಿ ಮಾಡಿ ಇಟ್ಟಿದ್ದರು. ಅದು ನನಗೆ ಹೊಳೆದದ್ದು ನಿಮ್ಮ ಪತ್ರ ಓದಿದ ಮೇಲೆ. ಕ್ಷಮಿಸಿ ಅಂಕಲ್. ಅದನ್ನು ನಮ್ಮಂಥವರಿಗೆ ಬಾಯಿಬಿಟ್ಟು ಹೇಳಿ. ನಮಗೆ ಬೆಲೆಯ ಚೀಟಿ ಮಾತ್ರ ಕಾಣುತ್ತದೆ.

– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಸ್ವಾಮಿ, ಮಳಿಗೆ ಸ್ವಂತದ್ದೋ ಬಾಡಿಗೆಯದ್ದೋ ನೀವು ಬರೆದಿಲ್ಲ. ಎಲ್ಲಾ ಅದರ ಮೇಲಿದೆ. ಬಾಡಿಗೆಯದ್ದಾಗಿದ್ದು ಮನೆಯಿಂದ ದುಡ್ಡು ತಂದು ಕಟ್ಟುತ್ತಿದ್ದರೆ ಇವತ್ತೇ ನಿಲ್ಲಿಸಿ. ಚೌಕಿಪೇಟೆಯಲ್ಲಿ ನಾನು ಮೂವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವನು. ಅಪ್ಪನ ಹೆಸರು ಉಳಿಸಲು ಹೋಗಿ ಅಪ್ಪ ಕಟ್ಟಿದ ಮನೆಯನ್ನೇ ಅಡವಿಟ್ಟವರನ್ನು ನೋಡಿದ್ದೇನೆ.

– ನಿವೃತ್ತ ಬಟ್ಟೆ ವ್ಯಾಪಾರಿ, ದಾವಣಗೆರೆ

ಅಣ್ಣನವರಿಗೆ ನಮಸ್ಕಾರ. ನಾವು ಚಿತ್ರದುರ್ಗದಲ್ಲಿ ಇಂಥದ್ದೇ ಅಂಗಡಿ ಮುಚ್ಚಿದವರು. 2021ರಲ್ಲಿ. ಕೊರೊನಾ ಬಂದು ಎರಡು ವರ್ಷ ಜಾತ್ರೆ ಇಲ್ಲ, ನಾಟಕ ಇಲ್ಲ, ಗಣಪತಿ ಕೂರಿಸುವುದೂ ಮನೆಮಟ್ಟಿಗೆ ಆಯಿತು. ಮಕ್ಕಳೆಲ್ಲ ಮೊಬೈಲಿನಲ್ಲಿ ಕ್ಲಾಸು ಕಲಿತು ಮೊಬೈಲಿನಲ್ಲೇ ಕೊಳ್ಳುವುದನ್ನೂ ಕಲಿತರು. ನಮ್ಮನೆಯವರು ಬೆಳಿಗ್ಗೆ ಬಾಗಿಲು ತೆಗೆದು, ಧೂಳು ಹೊಡೆದು, ಸಂಜೆ ದೀಪ ಹಚ್ಚಿ, ಬಾಗಿಲು ಹಾಕಿ ಬರುತ್ತಿದ್ದರು. ಮಾತೇ ಕಮ್ಮಿಯಾಗಿತ್ತು. ಮುಚ್ಚೋಣ ಎಂದು ಮೊದಲು ಹೇಳಿದವಳು ನಾನೇ.

ಮುಚ್ಚುವಾಗ ಮಾಡಿದ ತಪ್ಪುಗಳನ್ನು ನಿಮಗೆ ಹೇಳಬೇಕು. ಅವಸರ ಮಾಡಿದೆವು. ಇದ್ದ ಸಾಮಾನನ್ನೆಲ್ಲ ಒಬ್ಬರಿಗೇ ಒಟ್ಟಿಗೆ ಕೊಟ್ಟುಬಿಟ್ಟೆವು, ಅವರು ಕೇಳಿದ ರೇಟಿಗೆ. ಡೋಲಕ್, ತಬಲ, ಡಗ್ಗ ಮೊದಲು ಮಾರಬೇಕಿತ್ತು. ತೊಗಲಿನದ್ದು ಇಟ್ಟಷ್ಟೂ ಕೆಡುತ್ತದೆ. ತಾಳ, ಗೆಜ್ಜೆ, ರೀಡು, ತಂತಿ ಇವಕ್ಕೆ ಅವಸರವೇ ಇರಲಿಲ್ಲ. ಅವನ್ನು ಇಟ್ಟುಕೊಂಡಿದ್ದರೆ ಆಮೇಲೆ ನಮಗೇ ಬೇಕಾಗುತ್ತಿತ್ತು. ಹಳೆ ಪೆಟ್ಟಿಗೆಗಳನ್ನೂ ಬಿಟ್ಟುಕೊಟ್ಟೆವು, ಅವುಗಳ ಒಳಗೆ ಈಗ ಹುಡುಕಿದರೂ ಸಿಗದ ಒಳ್ಳೆ ರೀಡುಗಳಿದ್ದವು. ಇವತ್ತಿಗೂ ನಮ್ಮನೆಯವರು ಆ ಮಾತು ಎತ್ತಿದರೆ ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

ಒಂದೇ ಒಂದು ಒಳ್ಳೆ ಕೆಲಸ ಮಾಡಿದ್ದು, ಹತ್ಯಾರುಗಳನ್ನು ಮಾತ್ರ ಕೊಡಲಿಲ್ಲ. ಅರ, ಸಣ್ಣ ಇಕ್ಕಳ, ತಬಲದ ಸುತ್ತಿಗೆ, ಮಾವನವರ ಕಾಲದ ಒಂದು ಶ್ರುತಿ ಕೊಳವೆ. ಒಂದು ಟ್ರಂಕಿನಲ್ಲಿ ತುಂಬಿ ಮನೆಗೆ ತಂದೆವು. ಆರು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಹೊಸದುರ್ಗದ ಕಡೆಯಿಂದ ಒಬ್ಬರು ಪೆಟ್ಟಿಗೆ ಹೊತ್ತುಕೊಂಡು ಮನೆ ಹುಡುಕಿಕೊಂಡು ಬಂದರು. ಅಂಗಡಿ ಬಾಗಿಲು ಹಾಕಿದ್ದು ನೋಡಿ ಪಕ್ಕದ ಅಂಗಡಿಯವರನ್ನು ಕೇಳಿದರಂತೆ. ನಮ್ಮನೆಯವರು ಮಾತಾಡದೆ ಟ್ರಂಕು ತೆಗೆದರು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಈಗ ವಾರಕ್ಕೆ ನಾಲ್ಕೈದು ಪೆಟ್ಟಿಗೆ ಬರುತ್ತವೆ, ಹಬ್ಬದ ಮುಂಚೆ ಇನ್ನೂ ಜಾಸ್ತಿ. ಬರುವುದರಲ್ಲಿ ಅರ್ಧದಷ್ಟು ಆನ್‌ಲೈನಿನದ್ದೇ. ದೊಡ್ಡ ದುಡ್ಡಲ್ಲ, ಆದರೆ ಅಂಗಡಿಯ ಬಾಡಿಗೆ, ಕರೆಂಟು ಬಿಲ್ಲು ಕಳೆದು ಆಗ ಉಳಿಯುತ್ತಿದ್ದದ್ದಕ್ಕಿಂತ ಈಗ ಜಾಸ್ತಿ ಉಳಿಯುತ್ತದೆ. ನಮ್ಮನೆಯವರು ಮತ್ತೆ ಮಾತಾಡುತ್ತಾರೆ. ನನಗೆ ಅದೇ ಮುಖ್ಯ.

ಹಾಗಂತ ಮುಚ್ಚಿದ್ದು ಸುಲಭವಾಗಿತ್ತು ಅಂದುಕೊಳ್ಳಬೇಡಿ. ಅಂಗಡಿ ಇದ್ದಾಗ ದಾರಿಯಲ್ಲಿ ಹೋಗುವ ಮಗುವೊಂದು ನಿಂತು, ಗಾಜಿನೊಳಗೆ ತೂಗುಹಾಕಿದ ಕೊಳಲು ನೋಡಿ, ಅಪ್ಪನ ಕೈ ಜಗ್ಗುತ್ತಿತ್ತು. ಹಾಗೆ ಬಂದು ಕಲಿತವರು ಎಷ್ಟೋ ಜನ. ನಮ್ಮ ಪಡಸಾಲೆ ಯಾವ ಮಗುವಿನ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಅಂಗಡಿ ಸಣ್ಣದು ಮಾಡಿ, ಅರ್ಧ ಮಳಿಗೆ ಬಿಟ್ಟುಕೊಡಿ, ಬೇಕಿದ್ದರೆ ಒಳಗಲ್ಲಿಗೆ ಹೋಗಿ. ಆದರೆ ರಸ್ತೆಗೆ ಕಾಣುವ ಹಾಗೆ ಒಂದು ಗಾಜಿನ ಬೀರು ಇಟ್ಟುಕೊಳ್ಳಲು ಸಾಧ್ಯವಾದರೆ ಇಟ್ಟುಕೊಳ್ಳಿ.

– ಗೃಹಿಣಿ, ಚಿತ್ರದುರ್ಗ

ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಕೂತು ನಿಮ್ಮ ಪತ್ರ ಓದಿದೆ. ಇಲ್ಲಿಯ ಸುದ್ದಿ ಹೇಳಿದರೆ ನಿಮ್ಮ ಮನಸ್ಸಿನ ಭಾರ ಸ್ವಲ್ಪ ಇಳಿಯಬಹುದು. ಸ್ಯಾಮ್ ಆಶ್ ಎಂಬ ವಾದ್ಯದ ಅಂಗಡಿ 1924ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಶುರುವಾದದ್ದು. ಒಂದೇ ಕುಟುಂಬದವರು ತಲೆಮಾರುಗಳಿಂದ ನಡೆಸಿಕೊಂಡು ಬಂದರು. ದೇಶದ ತುಂಬ ಶಾಖೆಗಳಿದ್ದವು. ನೂರು ವರ್ಷ ತುಂಬಿದ 2024ರಲ್ಲೇ ಎಲ್ಲವನ್ನೂ ಮುಚ್ಚಿದರು. ಅದಕ್ಕಿಂತ ದೊಡ್ಡದಾದ ಗಿಟಾರ್ ಸೆಂಟರ್ ಕೂಡ 2020ರಲ್ಲಿ ಸಾಲದ ಹೊರೆಯಿಂದ ದಿವಾಳಿ ಅರ್ಜಿ ಹಾಕಿ, ಹೇಗೋ ಸುಧಾರಿಸಿಕೊಂಡಿತು. ಅಷ್ಟು ಬಂಡವಾಳ ಇದ್ದವರಿಗೇ ಹೀಗಾಗಿದೆ. ನಾನು ಸರಿಯಾಗಿ ವ್ಯಾಪಾರ ಮಾಡಲಿಲ್ಲ, ಅಪ್ಪನ ಹೆಸರು ಕೆಡಿಸಿದೆ ಎಂದು ನೀವು ಬರೆದ ಸಾಲು ನನ್ನನ್ನು ಬಹಳ ಕಾಡಿತು. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಮುಂಬೈಯಲ್ಲಿ 1865ರಲ್ಲಿ ಶುರುವಾದ ಫುರ್ಟಾಡೋಸ್ ಈಗಲೂ ನಡೆಯುತ್ತಿದೆ, ಅವರು ಅಂಗಡಿಯ ಜೊತೆಗೆ ಆನ್‌ಲೈನ್‌ನಲ್ಲೂ ಮಾರುತ್ತಾರೆ. ನಿಮ್ಮ ಮಕ್ಕಳು ಅಂಗಡಿಗೆ ಬಂದು ಕೂರಬೇಕಿಲ್ಲ. ಮೊಬೈಲಿನ ನಕ್ಷೆಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, 'ಹಾರ್ಮೋನಿಯಂ, ತಬಲ ರಿಪೇರಿ ಮಾಡಲಾಗುವುದು' ಎಂಬ ಒಂದು ಸಾಲು ಹಾಕಿಕೊಡಲಿ. ಒಂದು ಭಾನುವಾರದ ಕೆಲಸ.

– ನಿವೃತ್ತ ಉಪನ್ಯಾಸಕ, ದಾವಣಗೆರೆ

ಯಜಮಾನ್ರಿಗೆ ಶರಣು. ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ನಮ್ಮಲ್ಲಿ ಶ್ರಾವಣದ ತಿಂಗಳಿಡೀ ಭಜನೆ ಇರುತ್ತದೆ. ಜಾತ್ರೆಗೆ ನಾಟಕ ಆಡುತ್ತೇವೆ, ಎರಡು ತಿಂಗಳು ಮೊದಲೇ ಮಾಸ್ತರು ಬಂದು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ತರುತ್ತೇವೆ, ಡ್ರೆಸ್ಸು ಬಾಡಿಗೆಗೆ ತರುತ್ತೇವೆ, ಲೈಟು, ಮೈಕು ಎಲ್ಲಾ ಬಾಡಿಗೆಗೇ. ಒಳ್ಳೆ ಕಾಲುಪೆಟ್ಟಿಗೆ (ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ) ಮಾತ್ರ ಬಾಡಿಗೆಗೆ ಸಿಗುವುದಿಲ್ಲ. ಮಾಸ್ತರು ಕೀಬೋರ್ಡ್ ತರುತ್ತಾರೆ, ರಂಗಗೀತೆಗೆ ಅದು ಹೊಂದುವುದಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿ ಬೆಳೆದ ಕಿವಿ ಅವರದು, ತಪ್ಪೇನಿಲ್ಲ. ನೀವು ಎರಡು ಪೆಟ್ಟಿಗೆ, ಒಂದು ಜೊತೆ ತಬಲ ಬಾಡಿಗೆಗೆ ಇಟ್ಟರೆ ನಮ್ಮ ಸುತ್ತಿನ ಊರುಗಳಿಂದಲೇ ಜನ ಬರುತ್ತಾರೆ. ಮುಂಗಡ ತಗೊಳ್ಳಿ, ಆಧಾರ್ ಕಾರ್ಡ್ ಪ್ರತಿ ತಗೊಳ್ಳಿ, ಒಡೆದರೆ ನಾವೇ ಕಟ್ಟಿಕೊಡುತ್ತೇವೆ.

ನಮ್ಮ ಭಜನೆ ಮಂಡಳಿಯವರೂ ಹೋದ ವರ್ಷ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲೇ ತರಿಸಿದೆವು. ಪಟ್ಟಿ ಎತ್ತಿದ ದುಡ್ಡು, ಕಮ್ಮಿಗೆ ಸಿಗುತ್ತದೆ ಎಂದು ಹುಡುಗರು ಹೇಳಿದರು. ಮಳೆಗಾಲಕ್ಕೆ ನಾಲ್ಕು ಮನೆ ಕಚ್ಚಿಕೊಂಡಿವೆ, ತಿದಿಯಲ್ಲಿ ಗಾಳಿ ನಿಲ್ಲುವುದಿಲ್ಲ. ನಿಮ್ಮ ಹತ್ತಿರ ತರಲು ಮುಖ ಇರಲಿಲ್ಲ. ಆ ಹುಡುಗನನ್ನು ಬೈದು ನಿದ್ದೆಗೆಟ್ಟಿರಿ ಎಂದು ಓದಿದ ಮೇಲೆ ತರಬಹುದು ಅನ್ನಿಸಿದೆ. ಸೋಮವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಇಬ್ಬರು ಹೊತ್ತುಕೊಂಡು ಬರುತ್ತೇವೆ. ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೀರಿ ಎಂದು ತಿಳಿಸಿ.

– ಭಜನೆ ಮಂಡಳಿಯ ಸದಸ್ಯ, ಜಗಳೂರು ತಾಲ್ಲೂಕು