ಟೋಕಿಯೊದಿಂದ ಲಂಡನ್: ದೂರ 9,600 ಕಿ.ಮೀ., 14 ಗಂಟೆ ಯಾಕೆ?

ಕೇಳಿದ್ದು: ಅಮ್ಮನ ಜೊತೆ ಟೋಕಿಯೊದಿಂದ ಲಂಡನ್‌ಗೆ ಹೊರಟಿದ್ದೇನೆ. ಅವರಿಗೆ ಮಂಡಿನೋವು. ದೂರ ಸುಮಾರು 9,600 ಕಿ.ಮೀ. ಅಂತಿದೆ. ಗಂಟೆಗೆ 900 ಕಿ.ಮೀ. ಹೋದರೂ ಹನ್ನೊಂದು ಗಂಟೆ ಸಾಕಲ್ವಾ? ನೇರ ವಿಮಾನಕ್ಕೇ 14 ಗಂಟೆಗಿಂತ ಜಾಸ್ತಿ ತೋರಿಸ್ತಿದೆ. ನೇರ ಹೋಗೋದಾ, ನಡುವೆ ಇಳಿದು ಹೋಗೋದಾ? ಹೋಗಿ ಬಂದವರು ಹೇಳಿ.

— ನಿಮ್ಮ ಲೆಕ್ಕ ಸರಿ, ದಾರಿ ಬೇರೆ. 9,600 ಅನ್ನೋದು ಗ್ಲೋಬ್ ಮೇಲೆ ದಾರ ಬಿಗಿದು ಅಳೆದ ದೂರ. ಆ ದಾರ ಸೈಬೀರಿಯಾ ಮೇಲೆ ಹಾಯುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟನ್ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಜಪಾನಿನ ವಿಮಾನಗಳೂ ಆ ಕಡೆ ಹೋಗೋದನ್ನು ಬಿಟ್ಟವು. ಮೊದಲು ಹನ್ನೆರಡು ಗಂಟೆ ಆಸುಪಾಸಿನಲ್ಲಿ ತಲುಪುತ್ತಿದ್ದೆವು. ಈಗ ಸಾಮಾನ್ಯವಾಗಿ ಈಶಾನ್ಯಕ್ಕೆ ಹೊರಟು, ಅಲಾಸ್ಕಾ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಮೇಲೆ ಸುತ್ತಿ ಬರುತ್ತದೆ. ಎದುರಿನ ಪರದೆಯಲ್ಲಿ ಅಲಾಸ್ಕಾ ಕಂಡು ನನ್ನ ಪಕ್ಕದ ಸೀಟಿನವರು ಗಾಬರಿಯಾಗಿ ಬೋರ್ಡಿಂಗ್ ಪಾಸ್ ತೆಗೆದು ನೋಡಿಕೊಂಡಿದ್ದರು!

— ಶೀತಲ ಸಮರದ ಕಾಲದಲ್ಲೂ ಇದೇ ಕಥೆ. ಆಗ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದರು. ಅಲ್ಲಿನ ವಿಮಾನ ನಿಲ್ದಾಣದ ಉದೊನ್ (ಜಪಾನಿನ ದಪ್ಪ ನೂಡಲ್ಸ್) ಅಂಗಡಿ ಜಪಾನಿನ ಪ್ರಯಾಣಿಕರಲ್ಲಿ ಭಾರಿ ಫೇಮಸ್ಸು.

— ವಾಪಸ್ ಬರುವಾಗ ದಾರಿಯೇ ಬೇರೆ ಇರಬಹುದು. ನಾನು ಬಂದಾಗ ಟರ್ಕಿ, ಕ್ಯಾಸ್ಪಿಯನ್, ಕಜಕಿಸ್ತಾನ, ಚೀನಾ ಮೇಲೆ ಬಂತು. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಬರುವಾಗ ಅದು ಬೆನ್ನಿಗೆ ಸಿಗುತ್ತದೆ, ಹೋಗುವಾಗ ಅದನ್ನು ತಪ್ಪಿಸಿಕೊಳ್ಳೋಕೇ ಉತ್ತರದ ಸುತ್ತು. ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು.

— ಅಮ್ಮನಿಗೆ ಮಂಡಿನೋವು ಅಂದಿರಿ, ನೇರ ವಿಮಾನವೇ ಹಿಡಿಯಿರಿ. ನಾನು ಅತ್ತೆಯನ್ನು ಇಸ್ತಾಂಬುಲ್ ಮೇಲೆ ಕರೆದುಕೊಂಡು ಹೋದೆ. ಟಿಕೆಟ್ ಅಗ್ಗ ಅನ್ನೋದೇನೋ ನಿಜ. ಆದರೆ ಅಲ್ಲಿಂದ ಮುಂದೆ ಮತ್ತೆ ನಾಲ್ಕು ಗಂಟೆ ಹಾರಬೇಕು, ಕಾಯೋದು ಬೇರೆ. ಅಷ್ಟು ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕಿ ನಡೆಯೋದರಲ್ಲೇ ಅವರ ಕಾಲು ಊದಿತು. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ಎದ್ದು ಓಡಾಡೋಕೆ ಅನುಕೂಲ ಆಗೋ ಹಾಗೆ ನಡುದಾರಿ ಪಕ್ಕದ ಸೀಟು ಹಿಡಿಯಿರಿ. ಕೂತಲ್ಲೇ ಪಾದ ಆಡಿಸ್ತಾ ಇರಲಿ. ಕಾಲಿಗೆ ಬಿಗಿ ಸಾಕ್ಸ್ ಬೇಕಾ ಅಂತ ಡಾಕ್ಟರನ್ನು ಕೇಳಿ.

— ಚೀನಾದ ಕಂಪನಿಗಳು ಈಗಲೂ ರಷ್ಯಾ ಮೇಲೆ ಹಾರುತ್ತವೆ. ಶಾಂಘೈ ಮೇಲೆ ಹೋದರೆ ಹಾರಾಟದ ಒಟ್ಟು ಸಮಯ ನೇರ ವಿಮಾನಕ್ಕಿಂತ ತೀರಾ ಜಾಸ್ತಿ ಆಗಲ್ಲ, ಆದರೆ ಕಾಯೋ ಹೊತ್ತು ನೋಡಿಕೊಳ್ಳಿ.

— ಟಿಕೆಟ್ ಮೇಲಿರೋದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಲಂಡನ್ 9 ಗಂಟೆ ಹಿಂದೆ, ಬೇಸಿಗೆಯಲ್ಲಿ 8. ಚಳಿಗಾಲದಲ್ಲಿ ಬೆಳಗ್ಗೆ 9ಕ್ಕೆ ಹೊರಟು ಹದಿನಾಲ್ಕೂವರೆ ಗಂಟೆ ಹಾರಿದರೂ ಅವತ್ತೇ ಮಧ್ಯಾಹ್ನ ಎರಡೂವರೆಗೆ ಇಳಿಯುತ್ತೀರಿ. ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ಗಡಿಯಾರ ಟೋಕಿಯೊ ಸಮಯದಲ್ಲೇ ಇರಲಿ.